ನಾಲಿಗೆಯ ಲೆಕ್ಕ

ಎಲೆಯ ಬೆನ್ನು ತಿರುಗಿಸಿ ನೋಡು ಎಂದಳು ಅತ್ತಿಗೆ.
ತಿರುಗಿಸಿದೆ. ಒಲೆಯಿಲ್ಲದ ಹೊಲದಲ್ಲಿ ಬೂದಿ.
ದಿಬ್ಬೂರಹಳ್ಳಿ ರಸ್ತೆಯ ರೇಷ್ಮೆ ಸೊಪ್ಪಿಗೆಲ್ಲ
ಮಾರ್ಗಶಿರದ ಇಬ್ಬನಿ ಬಳಿದ ವಿಭೂತಿ.

ಶಿಡ್ಲಘಟ್ಟದ ಅಂಗಡಿಯ ವೆಂಕಟರೋಣಪ್ಪ
ಬಾಟಲಿ ಮುಂದಿಟ್ಟು, ತಾನೇ ಹಿಂದಕ್ಕೆಳೆದುಕೊಂಡ:
"ಹುಳ ಎಷ್ಟನೇ ಜ್ವರ?"
ಎರಡು ಕಳೆದಿದೆ ಎಂದೆ.
"ಹಾಗಾದ್ರೆ ಬೇಡ ತಾಯಿ."

ಬೇಲಿಯಲ್ಲಿ ಯಾರೂ ನೆಡದ ಲಕ್ಕಿ ಇತ್ತು.
ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ,
ಆಡುಸೋಗೆ ಇದೆ.
ಒರಳಲ್ಲಿ ಕುಟ್ಟಿ, ಧಾರೆ ಸೀರೆಯ ಸೆರಗಲ್ಲಿ
ಎರಡು ಸಲ ಸೋಸಿದೆ.
ಒಂದು ಪಾಲು ರಸಕ್ಕೆ ಒಂಬತ್ತು ಪಾಲು ನೀರು.
ಮೂರು ದಿನ ಕೈ ಹಸಿರು;
ಆ ಕೈ ಕಟ್ಟಿದ ಮುದ್ದೆಯನ್ನು
ಮಗ ಮೂಸಿ ಕೆಳಗಿಟ್ಟ.

ಇಳಿಹೊತ್ತು, ಗಿಡದ ಕಾಲು ಹಿಡಿದವಳ ಹಾಗೆ ಬಗ್ಗಿ
ಎಲೆಯ ಬೆನ್ನಿಗೇ ಸಿಂಪಡಿಸಿದೆ.

ಮಾರನೆಯ ದಿನ ಒಂದು ತಟ್ಟೆಗೆ ಒಂದೇ ಎಲೆ.
ಹುಳಗಳು ತಲೆಯೆತ್ತಿ ಅತ್ತಿತ್ತ ಆಡಿಸಿದವು,
ಅಂಚಿಗೆ ಹೋಗಿ ಕೂತವು.
ಬೂದಿ ಮೇಯುವುದೂ ಹುಳ ಮೇಯುವುದೂ
ಅದೇ ಎಲೆ. ನಾನು ನಡುವೆ.

ಅಲ್ಲಿಯತನಕ ಕೆಳಗಿನ ತೋಟದ ಬೀಬಿಜಾನ್ ಕೊಟ್ಟ ಸೊಪ್ಪು,
ತೂಕ ಹಾಕದೆ.
ದಿನಾ ಬೆಳಗ್ಗೆ ಹಲ್ಲುಜ್ಜುವ ಮೊದಲು
ನಮ್ಮ ಸಾಲಿಂದ ಚೂರು ಹರಿದು ನಾಲಿಗೆಗಿಟ್ಟೆ.
ನಾಲ್ಕನೇ ದಿನ ಕಹಿ.
ಆರಕ್ಕೆ ಕಹಿಯ ನೆನಪು.
ಒಂಬತ್ತಕ್ಕೆ ಬರೀ ಸೊಪ್ಪು.

"ಬೂದಿ ಹೋಯ್ತೇನೆ?"
ಅರ್ಧ ಹೋಯ್ತು ಎಂದೆ ಅತ್ತಿಗೆಗೆ.
ಮಿಕ್ಕಿದ್ದನ್ನು ಕೊಯ್ದು ಮೇಕೆಗೆ ಹಾಕಿದ್ದೆ.
ಹುಳಮನೆಯಲ್ಲಿ ಎಲೆಯಂಚು
ಕೂದಲೆಳೆಯಷ್ಟೇ ಕೂದಲೆಳೆಯಷ್ಟೇ ಒಳಸರಿಯುತ್ತಿತ್ತು.
ನನ್ನ ಬಾಯಲ್ಲೂ ಒಂದು ಚೂರು,
ಉಗುಳಲು ಮರೆತದ್ದು.