ತಕ್ಕದ್ದು

ಪುಣೆ, ಶಿವಾಜಿನಗರ, ಕಚೇರಿಯ ಮೂರನೆಯ ಮಾಳಿಗೆ.
ಹಗಲೆಲ್ಲ ಮರಾಠಿಯಲ್ಲಿ ಟೈಪು ಮಾಡುತ್ತೇನೆ,
ಒಳಗೊಳಗೇ ಕನ್ನಡಕ್ಕೆ ತಿರುವುತ್ತೇನೆ, ಹಳೆಯ ಚಟ.
ಸರ್ವೆ ನಂಬರ್ ಎಪ್ಪತ್ತೊಂದು, ಮ್ಹಸೋಬಾ ಟೇಕಡಿ:
ಇಲ್ಲಿ ಯಾರೂ ಕಟ್ಟತಕ್ಕದ್ದಲ್ಲ,
ಅಗೆಯತಕ್ಕದ್ದಲ್ಲ, ಸುರಂಗ ಕೊರೆಯತಕ್ಕದ್ದಲ್ಲ.
ಜನ ನಡೆಯಬಹುದು, ಓಡಬಹುದು, ಕೂತು ಉಸಿರಾಡಬಹುದು.
ಉಸಿರಾಡುವುದನ್ನು ಸಾಹೇಬರು ಹೊಡೆದುಹಾಕಿದರು;
ಅದಕ್ಕೆ ಕಾಯ್ದೆ ಬೇಕಿಲ್ಲವಂತೆ.

ನಕ್ಷೆಯಲ್ಲಿ ಟೇಕಡಿ ನನ್ನ ಹೆಬ್ಬೆರಳಷ್ಟು.
ಹಸಿರು ಪೆನ್ಸಿಲು ಸವೆದು ಮೊಂಡಾಗಿ
ಒಂದು ಮೂಲೆ ಬಿಳಿ ಉಳಿಯಿತು.
ಆ ಬಿಳಿಗೆ ಮೂವತ್ತು ದಿನ,
ಮುನ್ನೂರ ಹನ್ನೆರಡು ತಕರಾರು ಅರ್ಜಿ.

ವಿಚಾರಣೆಗೆ ಮೊದಲು ಇಂದುತಾಯಿ ಗೋಡಬೋಲೆ,
ಮಂಡಿಗೆ ಪಟ್ಟಿ, ಕಂಕುಳಲ್ಲಿ
ನಲವತ್ತು ವರ್ಷದ ಹಕ್ಕಿಲೆಕ್ಕದ ವಹಿ.
ಜಾಗದೊಡೆಯರ ವಕೀಲ, ಮಣ್ಣು ಕಾಣದ ಬೂಟು.
ತಾಲೀಮಿನ ಹುಡುಗರು, ಕಿವಿ ಮುದುಡಿದವರು,
ಏರು ಓಡದೆ ತೊಡೆ ಬಲಿಯದು ಎಂದರು.
ಕೊನೆಗೆ ಬಿರೂ ಕೋಕರೆ.
ಅರ್ಜಿಯಲ್ಲಿ ಹೆಬ್ಬೆಟ್ಟು ಮಾತ್ರ,
ನಕ್ಷೆಯ ಟೇಕಡಿಯಷ್ಟೇ ಅಗಲ.
ಮರಾಠಿಯಲ್ಲಿ ತಡವರಿಸಿ, ನನ್ನ ಹಣೆಯ ವಿಭೂತಿ ನೋಡಿ
ನಮ್ಮ ಮಾತಿಗೆ ಇಳಿದ:

"ಅಕ್ಕಾ, ನೀ ಜತ್ತದ ಕಡ್ಯಾಕಿ ಏನ?
ಗುಡ್ಡ ಉಳೀಲಿ, ಯಾರ ಬ್ಯಾಡಂತಾರ?
ಆದ್ರ ಬೇಲಿ ಹಾಕ್ತೀರಂತ, ಬೋರ್ಡು ಹಚ್ತೀರಂತ.
ನನ್ನ ಆಡಿಗೆ ಓದಾಕ ಬರಂಗಿಲ್ಲ."

ಏನಂದ, ಎಂದರು ಸಾಹೇಬರು.
ಮರಾಠಿಯಲ್ಲಿ ಹೇಳಿದೆ. ಎಲ್ಲರೂ ನಕ್ಕರು.
ಅವನು ನಗಲಿಲ್ಲ.

ಆ ಸಂಜೆ ಆರನೆಯ ಕಲಮಿನ ಬಾಲಕ್ಕೆ ಸೇರಿಸಿದೆ:
ರೂಢಿಯ ಕಾಲುದಾರಿಗಳನ್ನು ಮುಚ್ಚತಕ್ಕದ್ದಲ್ಲ.
ಯಾರೂ ಹೇಳಿರಲಿಲ್ಲ. ಬೆರಳು ನಡುಗಿ
ಒಂದು ಅಕ್ಷರ ಎರಡು ಸಲ ಬಿತ್ತು.
ಸಾಹೇಬರು ಓದಿದರು, ಕನ್ನಡಕ ಒರೆಸಿದರು.
"ಕಾಲು ಅಂದರೆ, ಬಾಯಿ, ಎಷ್ಟು ಕಾಲು?"
ನಾನು ಫ್ಯಾನು ನೋಡುತ್ತ ನಿಂತೆ.
ಅವರು ಸಹಿ ಮಾಡಿದರು.

ತಕ್ಕದ್ದು. ಎಂಥ ಪದ ನಮ್ಮದು!
ಮಾಡಲೇಬೇಕು ಅನ್ನುವುದಕ್ಕೂ ಅದೇ,
ಒಪ್ಪುತ್ತದೆ, ಚೆಂದ ಕಾಣುತ್ತದೆ ಅನ್ನುವುದಕ್ಕೂ ಅದೇ.

ಗ್ಯಾಜೆಟ್ಟು ಬಂದದ್ದು ಗುರುವಾರ, ಹದಿನಾಲ್ಕನೆಯ ಪುಟ.
ಭಾನುವಾರ ಹತ್ತಿದೆ, ಇಷ್ಟು ವರ್ಷಕ್ಕೆ ಮೊದಲ ಸಲ.
ಬಿಳಿ ಮೂಲೆಯಲ್ಲಿ ಟಾರ್ಪಾಲು ಹೊದ್ದ ಹಳದಿ ಯಂತ್ರ
ಕೋರ್ಟಿನ ತಾರೀಖು ಕಾಯುತ್ತಿತ್ತು.
ಇಂದುತಾಯಿ ಪೊದೆಯ ಹಿಂದಿನಿಂದ ಶ್ಶ್ ಎಂದರು.
ಬಿಸಿ ಬಂಡೆ. ಗ್ಯಾಜೆಟ್ಟು ಹಾಸಿ ಕೂತೆ,
ಸಾಹೇಬರು ಹೊಡೆದುಹಾಕಿದ್ದನ್ನು ಮಾಡಿದೆ.

ಬಿರೂನದೊಂದು ಆಡು ಬಂದು
ಕಾಗದದ ಅಂಚಿಗೆ ಬಾಯಿ ಹಾಕಿತು.
ಆರನೆಯ ಕಲಮು ಮುಟ್ಟುವ ತನಕ
ನಾನು ಹಚಾ ಅನ್ನಲಿಲ್ಲ.