ಮುನ್ನೂರ ಹದಿನೇಳನೆಯ ಗಾಜು

ಸಿಯಾಯಾ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ
ಹತ್ತೊಂಬತ್ತು ವರ್ಷದಿಂದ ನಾನು ಒರೆಗಲ್ಲು.
ಹೆಸರು ಅಪೊಂಡಿ; ಹಾಳೆಯ ಮೇಲೆ ‘ಓದುಗಿ ಎರಡು’.
ಓದುವುದು ನೆತ್ತರು. ಗಾಜಿನ ಮೇಲೆ ಒಂದು ಹನಿ,
ಗೀಮ್ಸಾ ಬಣ್ಣದಲ್ಲಿ ಅದ್ದಿ, ಒಣಗಿಸಿ,
ಎಣ್ಣೆಯ ಬೊಟ್ಟಿಟ್ಟು, ಬಲಗಣ್ಣು ಊರಿ.
ಎಡಗಣ್ಣು ಮುಚ್ಚುವುದಿಲ್ಲ,
ತೆರೆದಿದ್ದೂ ನೋಡದಿರಲು ಅದು ಕಲಿತಿದೆ.

ಈ ವರ್ಷ ಹೊಸದೊಂದು ಪಟ್ಟಿ ಬಂತು,
ಕಿರುಬೆರಳುದ್ದ, ಹದಿನೈದು ನಿಮಿಷದ ಮಾತು:
ಒಂದು ಗೆರೆಗೆ ಇಲ್ಲ, ಎರಡು ಗೆರೆಗೆ ಮಲೇರಿಯಾ.
ಅದು ನಿಜ ನುಡಿಯುತ್ತದೋ ನೋಡಬೇಕು,
ಎಂಟು ನೂರು ಮಕ್ಕಳು, ಎಂಟು ನೂರು ಗಾಜು.
ಪಟ್ಟಿ ಏನೆಂದಿತೆಂದು ನಾನು ಕೇಳುವಂತಿಲ್ಲ,
ನಾನೇನೆಂದೆನೆಂದು ಒಗ್ವೆನೊ ಕೇಳುವಂತಿಲ್ಲ.
ಗೋಡೆಯಾಚೆ ಅವನ ಕೆಮ್ಮು ಕೇಳುತ್ತದೆ.
ಕೆಮ್ಮಿನಲ್ಲಿ ಗುಟ್ಟು ಬಿಡುವ ಜನವಲ್ಲ ನಾವು.

ನೈರೋಬಿಯಿಂದ ಬಂದ ಹುಡುಗಿ
ಕಪ್ಪುಹಲಗೆಯ ಮೇಲೆ ನಾಲ್ಕು ಮನೆ ಗೀಚಿದಳು.
ಹಾವನ್ನು ಹಾವೆಂದದ್ದು ಇಲ್ಲಿ,
ಹಗ್ಗವನ್ನು ಹಗ್ಗವೆಂದದ್ದು ಅಲ್ಲಿ,
ಹಗ್ಗ ಕಂಡು ಹಾವೆಂದು ಕಿರುಚಿದ್ದು ಈ ಮೂಲೆಗೆ,
ಹಾವು ಮೆಟ್ಟಿ ಹಗ್ಗವೆಂದು ನಡೆದುಹೋದದ್ದು...
ಆ ಮನೆಯನ್ನು ಸೀಮೆಸುಣ್ಣದಲ್ಲಿ ಎರಡು ಸಲ ತಿದ್ದಿದಳು.
ಜರಡಿಯ ಕಣ್ಣು ಕಿರಿದಾದರೆ ಕಾಳಿನ ಜೊತೆ ಕಲ್ಲೂ ನಿಲ್ಲುತ್ತದೆ,
ಹಿರಿದಾದರೆ ಕಲ್ಲಿನ ಜೊತೆ ಕಾಳೂ ಜಾರುತ್ತದೆ,
ಅಳೆದೂ ಸುರಿದೂ ಎಲ್ಲೋ ಒಂದು ಕಡೆ ಕೈ ನಿಲ್ಲಿಸಬೇಕು.
“ಯಾವುದು ಹಾವೆಂದು ಹೇಳುವವರು ಯಾರು?” ಒಗ್ವೆನೊ ಕೇಳಿದ.
ಅವಳು ನಮ್ಮಿಬ್ಬರ ಕಡೆ ಬೆರಳು ತೋರಿದಳು.

ಆವತ್ತು ಕರೆಂಟು ಹೋಗಿ ಬಂದು ಹೋಗಿ ಬಂತು.
ಮುನ್ನೂರ ಹದಿನೇಳು. ನೂರು ವೃತ್ತ ದಾಟಿದೆ,
ಬೆರಳಡಿಯ ಎಣಿಕೆಯಂತ್ರ ಟಕ್ ಟಕ್ ಎಂದಿತು,
ಬಿಳಿ ಕಣ ಲೆಕ್ಕದಷ್ಟು, ಪರೋಪಜೀವಿ ಸೊನ್ನೆ.
ಬರೆದೆ: ಇಲ್ಲ.
ಒಗ್ವೆನೊ ಬರೆದದ್ದೂ: ಇಲ್ಲ.
ಇಬ್ಬರು ಒಪ್ಪಿದ ಮೇಲೆ ಮೂರನೆಯವರನ್ನು ಕರೆಯುವುದಿಲ್ಲ.
ಪಟ್ಟಿ ಮಾತ್ರ ಎರಡು ಗೆರೆ ಎಂದಿತ್ತಂತೆ, ಎರಡನೆಯದು ಮಾಸಲು.
ಹಗ್ಗ ಕಂಡು ಕಿರುಚಿದ ಮೂಲೆಗೆ ಒಂದು ಗೀಟು ಬಿತ್ತು.

ಲೆಕ್ಕ ಮುಗಿದು, ಬೀಗ ಬಿದ್ದು, ತಿಂಗಳು ಕಳೆದು
ಗಾಜುಗಳನ್ನು ಪೆಟ್ಟಿಗೆಗೆ ಜೋಡಿಸುವಾಗ
ಮನೆಗೆ ಹೋಗುವ ಮಟಾಟು ತಡವೆಂದು, ಸುಮ್ಮನೆ,
ಕೈಗೆ ಸಿಕ್ಕಿದ್ದೊಂದನ್ನು ಇಟ್ಟು ನೋಡಿದೆ.
ನೂರ ಎಪ್ಪತ್ತೆರಡನೆಯ ವೃತ್ತದ ಅಂಚಿನಲ್ಲಿ
ನೀಲಿ ಉಂಗುರ, ಅದಕ್ಕೊಂದು ಕೆಂಪು ಹರಳು,
ಯಾರೋ ಕೆರೆಗಿಳಿಯುವಾಗ ಕಳಚಿಟ್ಟು ಮರೆತ ಹಾಗೆ.

ಕಚೇರಿಗೆ ಬರೆದೆ. ಉತ್ತರ ಬಂತು:
ನಿಯಮದಂತೆ ನೂರು ನೋಡಿದ್ದೀರಿ, ನಿಮ್ಮದು ತಪ್ಪಲ್ಲ.
ಹಾಳೆಯಲ್ಲಿ ತಪ್ಪು ಇನ್ನೂ ಪಟ್ಟಿಯದೇ.

ನಂಬರಿನ ಹಿಂದಿನ ಹೆಸರು ನನಗೆ ತಿಳಿಯಬಾರದಿತ್ತು.
ದಾದಿ ಬಾಯಿಬಿಟ್ಟಳು. ಶನಿವಾರ ಸಂತೆಗೆ ಹೋದೆ.
ಒಚುಕಾನ ತಾಯಿ ಅಚುಂಗೊ ಗೊರೊಗೊರೊ ಡಬ್ಬಿಯಲ್ಲಿ
ಒಣಗಿದ ಒಮೆನ ಮೀನು ಅಳೆಯುತ್ತಿದ್ದಳು.
“ಎರಡು ಗೆರೆ ಬಂತಲ್ಲ, ಗುಳಿಗೆ ಕೊಟ್ಟರು.
ನಾಲ್ಕು ದಿನಕ್ಕೆ ಎದ್ದು ಮೇಕೆ ಅಟ್ಟಿದ.”
ನಡೆದದ್ದನ್ನು ಹೇಳಿದೆ. ಅವಳು ನಗಲಿಲ್ಲ, ಬೈಯಲಿಲ್ಲ,
ಡಬ್ಬಿ ಬೋರಲು ಮಾಡಿ ತಳ ತೋರಿಸಿದಳು.
ಒಳಕ್ಕೆ ತಟ್ಟಿದ ತಗ್ಗು, ಹಿಡಿಯಷ್ಟು.
“ಕೊಂಡಾಗಲೇ ಹೀಗಿತ್ತು. ಸಂತೆಗೆಲ್ಲ ಇದೇ ಅಳತೆ.
ಅದಕ್ಕೇ ಮೇಲೊಂದು ಹಿಡಿ ಹಾಕುತ್ತೇನೆ.”
ಹಾಕಿದಳು. ನನ್ನ ಮುಖ ನೋಡಿ ಇನ್ನೂ ನಾಲ್ಕು ಮೀನು.

ಈಗ ನೂರು ವೃತ್ತ ಮುಗಿದ ಮೇಲೆ
ಎಣಿಕೆಯಂತ್ರ ಪಕ್ಕಕ್ಕಿಟ್ಟು ಇನ್ನಷ್ಟು ನೋಡುತ್ತೇನೆ.
ಅದನ್ನು ಎಲ್ಲಿಯೂ ಬರೆಯುವುದಿಲ್ಲ.
ಗೋಡೆಯಾಚೆ ಒಗ್ವೆನೊ ಕೂಡ
ಈಚೆಗೆ ಕತ್ತಲಾದ ಮೇಲೆಯೇ ಮನೆಗೆ ಹೋಗುತ್ತಾನೆ.
ಏಕೆಂದು ಕೇಳುವಂತಿಲ್ಲ.