ಸೆಕೆಂಡಿಗೆ ಎಷ್ಟು ಆನೆ

ಮೂವತ್ತು ಸಾಲದು, ಅರವತ್ತೂ ಹಳತಾಯಿತು ಮಾವ,
ಈಗ ನೂರ ನಲವತ್ತನಾಲ್ಕು ಬೇಕು
ಎನ್ನುತ್ತಾಳೆ ತೀನ ಪೊನ್ನವ್ವ,
ಸಿದ್ದಾಪುರದ ನನ್ನ ರಿಪೇರಿ ಅಂಗಡಿಯ ಕೌಂಟರಿನ ಮೇಲೆ
ಹೊಸ ಮಾನಿಟರಿನ ಥರ್ಮಾಕೋಲ್ ಬಿಡಿಸುತ್ತ.
ಬಿಳಿ ಕಾಳುಗಳು ತೋಳಿಗೆ ಅಂಟಿ
ಕೊಡವಿದರೂ ಬೀಳುವುದಿಲ್ಲ.

ಏನು ನೂರ ನಲವತ್ತನಾಲ್ಕು? ಕರಿಮೆಣಸಿನ ಚೀಲವೋ?
ಅಲ್ಲ, ಚಿತ್ರ. ಒಂದು ಸೆಕೆಂಡಿಗೆ.
ನಾನು ಸೋಲ್ಡರಿಂಗ್ ಕಡ್ಡಿ ಬಿಸಿಯಾಗಲೆಂದು ಕಾಯುತ್ತಿದ್ದೇನೆ.
ಅದಕ್ಕೆ ನಾಲ್ಕು ನಿಮಿಷ.

ನಾವು ಆಡಿದ್ದು ಮೊಯ್ದು ಕಾಕನ ಮೀನಂಗಡಿಯ ಹಿಂಬದಿ,
ಅರ್ಧ ಗಂಟೆಗೆ ಎರಡು ರೂಪಾಯಿ,
ಹಳದಿ ಕ್ಯಾಸೆಟ್ಟು, ಉಫ್ ಎಂದು ಊದಿ ಸಿಕ್ಕಿಸಬೇಕು.
ಏಳು ಗಂಟೆಗೆ ಊರೆಲ್ಲ ಬಲ್ಬು ಹಾಕಿದರೆ
ವೋಲ್ಟೇಜು ಇಳಿದು
ಚಿತ್ರ ನಾಲ್ಕೂ ಕಡೆಯಿಂದ ಒಳಗೆ ಸರಿದು
ನಮ್ಮ ಶೂರ ಕರವಸ್ತ್ರದಷ್ಟು ಜಾಗದಲ್ಲಿ ಓಡುತ್ತಿದ್ದ.
ಫ್ರೇಮು ಎಂದರೆ ಆಗ ನಮಗೆ
ಗೋಡೆಯ ಮೇಲಿನ ಸತ್ತವರು.

ಆದರೆ ಒಂದಿತ್ತು.
ಆರೇಳು ವೈರಿಗಳು ಒಟ್ಟಿಗೆ ನುಗ್ಗಿದರೆ
ಆ ಬಡಪಾಯಿ ಪೆಟ್ಟಿಗೆಗೆ ತಡೆಯುತ್ತಿರಲಿಲ್ಲ.
ಎಲ್ಲವೂ ನಿಧಾನ.
ಗುಂಡು ಜೇನಿನೊಳಗೆ ಈಜಿಕೊಂಡು ಬರುತ್ತಿತ್ತು,
ನೆಗೆದವನು ಗಾಳಿಯಲ್ಲೇ ಒಂದು ಬೀಡಿ ಸೇದಿ ಇಳಿಯಬಹುದಿತ್ತು.
ನಾವು ಗೆದ್ದದ್ದೆಲ್ಲ ಆ ಸುಸ್ತಿನಲ್ಲೇ.
ಕಷ್ಟ ಹೆಚ್ಚಿದಷ್ಟೂ ಕಾಲ ಸಡಿಲವಾಗುವ
ಅಂಥ ಯಂತ್ರ ಆಮೇಲೆ ಎಲ್ಲೂ ಸಿಗಲಿಲ್ಲ,
ಬ್ಯಾಂಕಿನಲ್ಲಿ ಇಲ್ಲ, ಅಮ್ಮತ್ತಿಯ ಆಸ್ಪತ್ರೆಯಲ್ಲಿ ಆ ರಾತ್ರಿ ಖಂಡಿತ ಇರಲಿಲ್ಲ.

ಪೊನ್ನವ್ವ ನಗುತ್ತಾಳೆ: ಅದು ದೋಷ ಮಾವ. ಲ್ಯಾಗು.
ಇರಬಹುದು.

ಆಡಿ ನೋಡಿ, ಎಂದು ಮೌಸು ಕೈಗಿಡುತ್ತಾಳೆ.
ಸುಳ್ಳು ಯಾಕೆ ಹೇಳಲಿ, ವ್ಯತ್ಯಾಸ ಇದೆ.
ಕತ್ತು ತಿರುಗಿಸಿದರೆ ಕಾಡು ಬೆಣ್ಣೆಯ ಮೇಲೆ ಜಾರುತ್ತದೆ.
ಕೈಗೂ ಕಣ್ಣಿಗೂ ನಡುವೆ ಇಷ್ಟು ವರ್ಷ ಕೂತಿದ್ದ
ಯಾರೋ ದಲ್ಲಾಳಿ
ಪಂಚೆ ಕೊಡವಿಕೊಂಡು ಎದ್ದುಹೋದ ಹಾಗೆ.
ಅವಳು ಅರವತ್ತಕ್ಕೆ ಇಳಿಸಿದಳು, ಮತ್ತೆ ಮೂವತ್ತಕ್ಕೆ.
ಮೂವತ್ತರಲ್ಲಿ ಕಣ್ಣಿಗೆ ಕಸ ಬಿದ್ದಂತಾಯಿತು.
ಐದು ನಿಮಿಷದ ಹಿಂದೆ ಇಲ್ಲದಿದ್ದ ಕಸ.

ನಿಮಿಷ ಎಂದರೆ ಮೊದಲು ರೆಪ್ಪೆಯ ಬಡಿತವಂತೆ,
ಗಡಿಯಾರ ಆಮೇಲೆ ಅದನ್ನು ಎಳೆದೆಳೆದು ಉದ್ದ ಮಾಡಿತು.
ದೇವತೆಗಳು ಅನಿಮಿಷರು, ಎವೆಯಿಕ್ಕುವುದಿಲ್ಲ,
ಎಂದಿದ್ದರು ಹೈಸ್ಕೂಲಿನ ಕನ್ನಡ ಪಂಡಿತರು.
ಅವರಿಗೆ ಸೆಕೆಂಡಿಗೆ ಎಷ್ಟು ಎಂದು ನಾನು ಕೇಳಲಿಲ್ಲ.
ಕೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಅಷ್ಟರಲ್ಲಿ ನೆಲ್ಯಹುದಿಕೇರಿಯ ಎಸ್ಟೇಟಿನಿಂದ
ರೈಟರ್ ದಾಮು ಬಂದ, ಪೆನ್‌ಡ್ರೈವ್ ಹಿಡಿದು.
ಗೇಟಿನ ಕ್ಯಾಮೆರಾ ನಾನೇ ಕೂರಿಸಿದ್ದು, ಅಗ್ಗದ್ದು,
ಸೆಕೆಂಡಿಗೆ ಐದು.

ರಾತ್ರಿ ಎರಡೂ ಹತ್ತು. ಮಂಜು.
ಗೇಟು.
ಗೇಟಿನ ಸರಳಿಗೆ ಒಂದು ಸೊಂಡಿಲು.
ಬರೀ ಮಗ್ಗುಲು, ಪರದೆ ತುಂಬ, ಹಸಿಮಣ್ಣಿನ ಗೋಡೆ.
ಗೇಟು ಇಲ್ಲ.
ಮುರಿದದ್ದು ಯಾವ ಚಿತ್ರದಲ್ಲೂ ಇಲ್ಲ.
ಹಿಂದೆ ಒಂದು ಮರಿ:
ಇಲ್ಲಿತ್ತು, ಅಲ್ಲಿದೆ,
ನಡುವಿನ ನಡಿಗೆ ಅದರ ಸ್ವಂತದ್ದು.

ಬೇಕರಿಯವನು ಬಂದ, ಇಬ್ಬರು ಆಟೋದವರು ಬಂದರು,
ಬಾಯಲ್ಲಿ ಬನ್ನು ಹಾಗೇ ಇಟ್ಟುಕೊಂಡು ಏಳು ಸಲ ನೋಡಿದೆವು.
ಒಬ್ಬನೂ ಲೆಕ್ಕ ಕೇಳಲಿಲ್ಲ.
ಪೊನ್ನವ್ವ ಅದನ್ನು ಹೊಸ ಮಾನಿಟರಿನಲ್ಲೇ ಹಾಕಿದ್ದಳು.
ನೂರ ನಲವತ್ತನಾಲ್ಕರ ಪರದೆಯ ಮೇಲೆ ಐದರ ಆನೆ;
ಉಳಿದ ನೂರ ಮೂವತ್ತೊಂಬತ್ತು ಸಲ
ಅದೇ ಆನೆ, ಅಲುಗದೆ,
ನಮ್ಮ ಕಡೆಗೇ ನೋಡುತ್ತ.

ಗೇಟು ಮುರಿಯುವುದು ಕಾಣಬೇಕಿತ್ತು ಮಾವ,
ಎಂದಳು ಕೊನೆಗೆ, ಮೆಲ್ಲಗೆ.
ನನಗೂ ಹಾಗೇ ಅನಿಸಿತ್ತು. ಹೇಳಲಿಲ್ಲ.
ಒಳ್ಳೆಯ ಕ್ಯಾಮೆರಾದ ರೇಟು ಹೇಳಿದೆ.
ಬೇಡಪ್ಪ, ಗೇಟಿನದೇ ಖರ್ಚಿದೆ, ಎಂದ ದಾಮು.
ಕಡ್ಡಿ ಯಾವಾಗಲೋ ಕಾದು
ತುದಿ ಕರಿಯಾಗಿತ್ತು.